ಅಲಾರಂ ಮೇಲಿನ ಪ್ಲಾಸ್ಟರು

ವಿಚಾರಣೆಗೆ ಒಳಗೆ ಕರೆಯುವ ಮುಂಚೆ ಒಂದು ಮಾತಿದೆ ಎಂದು ಆಸ್ಪತ್ರೆಯ ವಕೀಲ ಗಾಳಿಯಕ್ಕನನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಕರೆದುಕೊಂಡು ಹೋದ. ಹಿಂದೆಯೇ ಅವಳ ಗಂಡನೂ ಬಂದ. ವಕೀಲ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

"ಇವರು?"

"ನನ್ನ ಯಜಮಾನ್ರು. ಏನಿದ್ರೂ ಇವರೆದುರಿಗೇ ಹೇಳಿ."

ಗಾಳಿಯಕ್ಕ ಎಂಬ ಹೆಸರು ಅವಳಿಗೆ ವಾರ್ಡಿನ ಆಯಾಗಳು ಇಟ್ಟದ್ದು. ತಾವಾಗಿ ಉಸಿರಾಡಲಾರದ ರೋಗಿಗಳಿಗೆ ವೆಂಟಿಲೇಟರ್ ಹಚ್ಚುವುದು, ಗಂಟಲಿನ ನಳಿಕೆ ನೋಡಿಕೊಳ್ಳುವುದು, ಎದೆಯ ಕಫ ತೆಗೆಯುವುದು ಅವಳ ಕೆಲಸ. ಗಂಡನದ್ದು ಪಂಕ್ಚರ್ ಅಂಗಡಿ. "ನಾನು ಟೈರಿಗೆ ಗಾಳಿ ಹಾಕ್ತೀನಿ, ಇವಳು ಮನುಷ್ಯರಿಗೆ ಹಾಕ್ತಾಳೆ. ನನ್ನ ಕೈಲಿ ತಪ್ಪಾದ್ರೆ ಟ್ಯೂಬ್ ಬದಲಾಯಿಸಿದ್ರಾಯ್ತು, ಇವಳಿಗೆ ಹಂಗಿಲ್ಲ ನೋಡಿ" ಎಂದು ಅವನು ಗಿರಾಕಿಗಳ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ವಾರ್ಡಿನಲ್ಲಿ ಒಬ್ಬ ರೋಗಿ ಸತ್ತ ಮೇಲೆ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಸತ್ತವರು ನಿವೃತ್ತ ಬಸ್ ಕಂಡಕ್ಟರ್. ನ್ಯುಮೋನಿಯಾ ಬಂದು ಸೇರಿದ್ದರು, ಗುಣವಾಗುತ್ತಲೂ ಇದ್ದರು. ಒಂದು ಮಧ್ಯಾಹ್ನ ಮಗ್ಗುಲಾಗುವಾಗ ವೆಂಟಿಲೇಟರಿನ ಪೈಪು ಕಳಚಿಕೊಂಡಿತು. ಪೈಪು ಕಳಚಿದರೆ ಆ ಯಂತ್ರ ಸುಮ್ಮನಿರುವ ಜಾತಿಯದ್ದಲ್ಲ, ಇಡೀ ವಾರ್ಡು ಎದ್ದು ಕೂರುವಂತೆ ಕೂಗಿಕೊಳ್ಳುತ್ತದೆ. ಅವತ್ತೂ ಕೂಗಿತ್ತು. ಆದರೆ ಶಬ್ದ ಬರುವ ತೂತುಗಳ ಮೇಲೆ ಪ್ಲಾಸ್ಟರ್ ಅಂಟಿಸಿತ್ತು, ಗಾಯದ ಬಟ್ಟೆ ಜಾರದಂತೆ ಅಂಟಿಸುವ ಅದೇ ಬಿಳಿ ಪ್ಲಾಸ್ಟರು, ಪದರದ ಮೇಲೆ ಪದರ. ಹಾಸಿಗೆಯ ಸುತ್ತಲಿನ ಪರದೆಯ ಹಿಂದೆ ಯಂತ್ರದ ಕೆಂಪು ದೀಪ ಮಿಣುಕುತ್ತಲೇ ಇತ್ತು. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪಿನ ಅಲಾರಂ ದಿನಾ ಸುಳ್ಳುಸುಳ್ಳೇ ಕಿರುಚುತ್ತಿದ್ದುದರಿಂದ ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಗಾಳಿಯಕ್ಕ ಪಕ್ಕದ ವಾರ್ಡಿನಲ್ಲಿ ಉಸಿರು ನಿಂತ ಇನ್ನೊಬ್ಬರ ಎದೆ ಒತ್ತುತ್ತಿದ್ದಳು. ಓಡಿ ಬರುವಷ್ಟರಲ್ಲಿ ಕಂಡಕ್ಟರ್ ನೀಲಿಗಟ್ಟಿದ್ದರು. ಮತ್ತೆ ಕಣ್ಣು ಬಿಡಲಿಲ್ಲ.

ಆ ಪ್ಲಾಸ್ಟರ್ ಅಂಟಿಸಿದ್ದು ಗಾಳಿಯಕ್ಕನೇ.

ಅವಳೊಬ್ಬಳೇ ಆ ಕೆಲಸ ಮಾಡುತ್ತಿದ್ದಳು ಅಂತಲ್ಲ. ಅಲ್ಲಿ ಅದು ಪದ್ಧತಿಯಾಗಿತ್ತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ "ಇದೇನು ಆಸ್ಪತ್ರೆನಾ, ತರಕಾರಿ ಮಾರ್ಕೆಟ್ಟಾ? ಬಾಯಿ ಮುಚ್ಚಿಸ್ರೀ ಆ ಡಬ್ಬಿಗಳಿಗೆ!" ಎಂದು ರೇಗುತ್ತಿದ್ದರು. ಆಡಳಿತದವರು ಗಾಳಿಯಕ್ಕನಂಥ ಉಸಿರಾಟ ಚಿಕಿತ್ಸಕರನ್ನು ಕಡಿಮೆ ಮಾಡಿ, ಉಳಿದವರ ತಲೆಗೆ ಎರಡೆರಡು ವಾರ್ಡು ಕಟ್ಟಿದ್ದರು. ಕೂಗುವ ಯಂತ್ರಗಳು ಹೆಚ್ಚು, ಓಡುವ ಕಾಲು ಎರಡೇ. ಯಾರೋ ಮೊದಲು ಅಂಟಿಸಿದರು, ಆಮೇಲೆ ಎಲ್ಲರೂ ಅಂಟಿಸಿದರು. ಹೊಸದಾಗಿ ಸೇರಿದವರಿಗೆ ಪ್ಲಾಸ್ಟರಿನ ಸುರುಳಿ ಎಲ್ಲಿರುತ್ತದೆ ಎಂದು ಮೊದಲ ದಿನವೇ ತೋರಿಸಿಕೊಡುವಷ್ಟು ಅದು ಮಾಮೂಲಾಗಿತ್ತು.

ವಕೀಲ ದನಿ ತಗ್ಗಿಸಿದ. "ನೋಡಿ ಮೇಡಂ, ಇದು ಉಸಿರಾಟ ಚಿಕಿತ್ಸಕರ ಮಂಡಳಿಯ ಶಿಸ್ತು ಸಮಿತಿ. ನಿಮ್ಮ ಲೈಸೆನ್ಸ್ ರದ್ದು ಮಾಡೋ ಅಧಿಕಾರ ಇವರಿಗಿದೆ. ಒಂದ್ಸಲ ಹೋಯ್ತು ಅಂದ್ರೆ ಇಲ್ಲಷ್ಟೇ ಅಲ್ಲ, ಯಾವ ಆಸ್ಪತ್ರೇಲೂ ನೀವು ವೆಂಟಿಲೇಟರ್ ಮುಟ್ಟೋ ಹಾಗಿಲ್ಲ."

"ಗೊತ್ತು. ಮುಂದೆ ಹೇಳಿ."

"ಆ ಹುಡುಗಿ, ಕಂಡಕ್ಟರ ಮಗಳು, ಶಬ್ದ ಕಡಿಮೆ ಮಾಡಿ ಅಂತ ನಿಮ್ಮನ್ನ ಕೇಳಿದ್ಳಲ್ಲ?"

ಹುಡುಗಿ ಕೇಳಿದ್ದು ನಿಜ. ಟೈಲರಿಂಗ್ ಅಂಗಡಿಯಲ್ಲಿ ದಿನವಿಡೀ ದುಡಿದು ಬಂದು ಅಪ್ಪನ ಕಾಲು ಒತ್ತುತ್ತಾ, "ಅಕ್ಕಾ, ಅಪ್ಪಂಗೆ ಕಣ್ಣು ಹತ್ತೋದೇ ಇಲ್ಲ, ಇದನ್ನ ಸ್ವಲ್ಪ ಸಣ್ಣ ಮಾಡೋಕಾಗಲ್ವಾ?" ಎಂದು ಕೇಳಿದ್ದಳು. ಆ ಮಾತು ಅವಳಿಗೆ ಈಗ ನೆನಪಿದೆಯೋ ಇಲ್ಲವೋ.

"ಅಷ್ಟು ಹೇಳಿ ಸಾಕು. ಮನೆಯವರು ಪೀಡಿಸಿದ್ರು, ನೀವು ಬೇಡ ಅಂದ್ರಿ, ಆಮೇಲೆ ಯಾರು ಅಂಟಿಸಿದ್ರೋ ಗೊತ್ತಿಲ್ಲ. ಲೈಸೆನ್ಸ್ ಉಳಿಯುತ್ತೆ, ನಾಳೆಯಿಂದ್ಲೇ ಡ್ಯೂಟಿ. ಆಸ್ಪತ್ರೆನೂ ನಿಮ್ಮ ಬೆನ್ನಿಗೆ ನಿಲ್ಲುತ್ತೆ."

"ಬೆನ್ನಿಗೆ ನಿಲ್ಲುತ್ತಾ?" ಗಾಳಿಯಕ್ಕನ ಕಿವಿ ಬಿಸಿಯಾಯಿತು. "ಇನ್ನೊಬ್ಬರನ್ನ ಕೆಲಸಕ್ಕೆ ಹಾಕಿ ಅಂತ ಅಂಗಲಾಚಿದಾಗ ನಿಮ್ಮ ಆಸ್ಪತ್ರೆ ಯಾರ ಬೆನ್ನ ಹಿಂದೆ ಅಡಗಿತ್ತು ಸಾರ್? ಈಗ ಅಪ್ಪನ್ನ ಕಳ್ಕೊಂಡ ಹುಡುಗಿ ತಲೆಗೆ ಅಪ್ಪನ ಸಾವು ಕಟ್ಟು ಅಂತೀರಲ್ಲ, ನಿಮಗೂ ಮನೇಲಿ ಹೆಣ್ಣುಮಕ್ಕಳಿರಬೇಕು!"

"ಕೂಗಬೇಡಿ ಮೇಡಂ."

"ಕೂಗೋದೇ! ಇಷ್ಟು ದಿನ ಎಲ್ಲರ ಬಾಯೂ ಮುಚ್ಚಿಸಿದ್ದಾಯ್ತಲ್ಲ."

ವಕೀಲ ಕೋಟು ಸರಿಮಾಡಿಕೊಂಡು ಹೊರಟ. ಗಂಡ ಅವಳ ಮೊಣಕೈ ಹಿಡಿದ. "ಸಿಟ್ಟಲ್ಲಿ ಏನೇನೋ ಅಂದ್ಬಿಡಬೇಡ ಕಣೇ. ನೀನು ಕಲಿತಿರೋ ಕೆಲಸ ಇದೊಂದೇ."

"ಹಾಗಾದ್ರೆ ಅವನು ಹೇಳಿದ್ದನ್ನ ಹೇಳ್ಲಾ?"

ಗಂಡ ಅವಳ ಮೊಣಕೈ ಬಿಟ್ಟ. "ನಾನು ಹಂಗಂದ್ನಾ? ಹೋಗು. ಹೋಗಿ ನಿಂಗೆ ಸರಿ ಕಂಡಿದ್ದು ಹೇಳು. ಅಂಗಡೀಲಿ ಕೂರಕ್ಕೆ ಇನ್ನೊಂದು ಸ್ಟೂಲ್ ಇದೆ."

ಒಳಗೆ ಉದ್ದನೆಯ ಮೇಜು. ನಡುವೆ ಕನ್ನಡಕದ ಅಧ್ಯಕ್ಷೆ, ಪಕ್ಕದಲ್ಲಿ ಇದೇ ಕಸುಬಿನಲ್ಲಿ ತಲೆ ನರೆತ ಬಿಳಿಗಡ್ಡದ ಸದಸ್ಯ. ಗೋಡೆಯ ಬದಿಯ ಬೆಂಚಿನಲ್ಲಿ ಕಂಡಕ್ಟರ ಮಗಳು ಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಗಾಳಿಯಕ್ಕನನ್ನು ಕಂಡದ್ದೇ ಅವಳ ದವಡೆ ಬಿಗಿಯಿತು.

"ಪ್ಲಾಸ್ಟರ್ ಅಂಟಿಸಿದ್ದು ಯಾರು?" ಅಧ್ಯಕ್ಷೆ ಕೇಳಿದರು.

"ನಾನು."

ಹಿಂದಿನ ಸಾಲಿನಲ್ಲಿ ವಕೀಲ ಕೆಮ್ಮಿದ. "ರೋಗಿಯ ಮನೆಯವರ ಒತ್ತಾಯ ಇತ್ತು ಅನ್ನೋದನ್ನೂ ಸಮಿತಿ ಕೇಳಬೇಕು ಅಂತ ನನ್ನ ವಿನಂತಿ."

ಹುಡುಗಿ ತಟ್ಟನೆ ತಲೆಯೆತ್ತಿದಳು. ಏನೋ ನೆನಪಾಗಿ ಅವಳ ಮುಖದ ಬಣ್ಣ ಇಳಿಯತೊಡಗಿತು. ಅದನ್ನು ನೋಡಿದ್ದೇ ಗಾಳಿಯಕ್ಕನೊಳಗೆ ಕುದಿಯುತ್ತಿದ್ದದ್ದು ಉಕ್ಕಿತು.

"ಕೇಳಿದ್ಳು ಮೇಡಂ. ಅಪ್ಪಂಗೆ ನಿದ್ದೆ ಬರಲಿ ಅಂತ ಮಗಳು ಕೇಳದೆ ಇನ್ಯಾರು ಕೇಳ್ತಾರೆ? ಆಗಲ್ಲಮ್ಮ ಅನ್ನಬೇಕಾದವಳು ನಾನು. ಅದಕ್ಕೇ ಅಲ್ವಾ ನೀವು ನನಗೆ ಲೈಸೆನ್ಸ್ ಕೊಟ್ಟಿದ್ದು? ಅವಳಿಗೆ ಕೊಟ್ಟಿದ್ರಾ? ಅಲ್ಲದೆ, ಅವಳು ಕೇಳೋ ಮುಂಚೆನೇ ಆ ಪ್ಲಾಸ್ಟರ್ ಒಂದು ಪದರ ಅಲ್ಲಿತ್ತು. ಪ್ರತಿ ಯಂತ್ರಕ್ಕೂ ಇತ್ತು. ಬಾಯಿ ಮುಚ್ಚಿಸಿ ಅಂದೋರು ದೊಡ್ಡ ಡಾಕ್ಟರು, ಆಳು ಕಡಿಮೆ ಮಾಡಿದೋರು ಆಡಳಿತದೋರು, ಕೈಯಾರೆ ಅಂಟಿಸಿದೋಳು ನಾನು. ನನ್ನ ಪಾಲಿಂದು ನನಗೆ ಕೊಡಿ, ತಗೋತೀನಿ. ಉಳಿದ ಪಾಲು ಯಾರಿಗೆ?"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಈ ಮಂಡಳಿ ಉಸಿರಾಟ ಚಿಕಿತ್ಸಕರ ಮೇಲೆ ಮಾತ್ರ ಕ್ರಮ ಜರುಗಿಸಬಹುದು. ಡಾಕ್ಟರು, ಆಸ್ಪತ್ರೆ ನಮ್ಮ ವ್ಯಾಪ್ತಿಗೆ ಬರೋದಿಲ್ಲ."

"ಅಂದ್ರೆ ಕೈಗೆ ಸಿಕ್ಕಿದೋಳು ನಾನೊಬ್ಳೇ ಅಂತಾಯ್ತು."

"ಸಮಾಧಾನವಾಗಿ ಮಾತಾಡಮ್ಮ" ಎಂದರು ಬಿಳಿಗಡ್ಡದವರು.

"ಸಾರ್, ನೀವೂ ವಾರ್ಡಲ್ಲಿ ಸವೆದು ಬಂದೋರು. ಎದೆ ಮುಟ್ಕೊಂಡು ಹೇಳಿ, ನೀವು ಒಂದಿನನೂ ಅಂಟಿಸಿಲ್ವಾ?"

ಅಧ್ಯಕ್ಷೆ ಬಿಳಿಗಡ್ಡದವರತ್ತ ತಿರುಗಿ ಕಾದರು. ಅವರು ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು.

ತೀರ್ಪು ಊಟದ ಬಿಡುವಿನ ನಂತರ ಬಂತು. ಒಂದು ವರ್ಷ ಲೈಸೆನ್ಸ್ ಅಮಾನತು, ಆಮೇಲೆ ಮತ್ತೆ ಪರೀಕ್ಷೆ. ತಪ್ಪೊಪ್ಪಿಕೊಂಡಿದ್ದರಿಂದ ರದ್ದು ಮಾಡಿಲ್ಲ ಎಂದು ಅಧ್ಯಕ್ಷೆ ಓದಿದರು. ಗಾಳಿಯಕ್ಕ ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಶಿಕ್ಷೆ ಹೆಚ್ಚಾಯಿತು ಎಂದು ಅವಳಿಗನ್ನಿಸಲಿಲ್ಲ. ನೀಲಿಗಟ್ಟಿದ ಆ ಮುಖ ನೋಡಿದವಳು ಹಾಗನ್ನುವುದು ಹೇಗೆ? ಆದರೆ ವಕೀಲ ಫೈಲು ಮುಚ್ಚಿ, ಫೋನಿನಲ್ಲಿ "ಮುಗೀತು ಸಾರ್, ನಮಗೇನೂ ತೊಂದರೆ ಇಲ್ಲ" ಎಂದು ಹೊರಗೆ ಹೋಗುತ್ತಾ ನಕ್ಕಿದ್ದು ಅವಳ ಕಿವಿಗೆ ಬಿತ್ತು.

ಹೊರಗಿನ ಕೋಣೆಯಲ್ಲಿ ಗುಮಾಸ್ತ ಚಹಾ ಆರಿಸಿಕೊಳ್ಳುತ್ತಿದ್ದ. ಗಾಳಿಯಕ್ಕ ಅವನ ಮೇಜಿಗೆ ಎರಡೂ ಕೈ ಊರಿದಳು.

"ಅಣ್ಣಾ, ಡಾಕ್ಟರ ಮೇಲೆ ದೂರು ಕೊಡಬೇಕು ಅಂದ್ರೆ ಎಲ್ಲಿಗೆ ಹೋಗಬೇಕು?"

"ಅವರ ಮಂಡಳಿ ಬೇರೆ ತಾಯಿ. ಇದೇ ಕಟ್ಟಡ, ಮೇಲಿನ ಮಹಡಿ."

"ದೂರು ಕೊಡೋಕೆ ಲೈಸೆನ್ಸ್ ಇರಬೇಕಾ?"

ಗುಮಾಸ್ತನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. "ಯಾರು ಬೇಕಾದ್ರೂ ಕೊಡಬಹುದು. ಆದ್ರೆ ತಾಯಿ, ದೊಡ್ಡೋರ ಸಹವಾಸ. ವರ್ಷ ಕಳೆದ ಮೇಲೆ ನಿಮಗೆ ಕೆಲಸ ಯಾರು ಕೊಡ್ತಾರೆ ಅಂತ ಯೋಚನೆ ಮಾಡಿದ್ದೀರಾ?"

"ಮಾಡಿದ್ದೀನಿ. ಅದಕ್ಕೇ ಇವತ್ತೇ ಕೊಡ್ತಿದೀನಿ. ನಾಳೆ ಆದ್ರೆ ಹೆದರಿಕೆ ಆಗುತ್ತೆ."

ತಿರುಗಿದರೆ ಹಿಂದೆ ಕಂಡಕ್ಟರ ಮಗಳು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ನಾನು ಕೇಳಿದ್ದೆ" ಎಂದಳು. "ಮರ್ತೇಬಿಟ್ಟಿದ್ದೆ."

"ನೀನು ಕೇಳಿದ್ರಲ್ಲಿ ತಪ್ಪಿಲ್ಲಮ್ಮ."

"ನಂಗೆ ಸಮಾಧಾನ ಹೇಳ್ಬೇಡಿ!" ಹುಡುಗಿ ಸಿಡಿದಳು. "ಅಂಟಿಸಿದೋರು ನೀವು. ನಿಮ್ಮನ್ನ ನೋಡಿದ್ರೆ ಮೈ ಉರಿಯುತ್ತೆ. ಒಳಗೆ ನನ್ನ ಪರ ಮಾತಾಡಿದ್ರಿ ಅಂತ ಕ್ಷಮಿಸ್ತೀನಿ ಅಂದ್ಕೊಂಡಿದ್ರೆ ಬಿಟ್ಬಿಡಿ."

"ಅಂದ್ಕೊಂಡಿಲ್ಲ. ನಾನೇ ನನ್ನನ್ನ ಬಿಟ್ಟಿಲ್ಲ, ನೀನ್ಯಾಕೆ ಬಿಡ್ತೀಯ?"

ಹುಡುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಚೀಲವನ್ನು ಹೆಗಲಿಗೆ ಏರಿಸಿ ಮೆಟ್ಟಿಲ ಕಡೆ ನೋಡಿದಳು.

"ಆ ಡಾಕ್ಟರು ಬಾಯಿ ಮುಚ್ಚಿಸಿ ಅಂದಿದ್ದು ನಿಜಾನಾ? ನೀವು ಕಿವಿಯಾರೆ ಕೇಳಿದ್ದಾ?"

"ದಿನಾ ಕೇಳಿದ್ದೀನಿ."

"ಹಾಗಾದ್ರೆ ಮೇಲೆ ಬಂದು ನನ್ನೆದುರಿಗೇ ಹೇಳಿ. ಒಂದಕ್ಷರ ಬಿಡೋ ಹಾಗಿಲ್ಲ."

ಹುಡುಗಿ ಮುಂದೆ ಹೊರಟಳು. ಗಾಳಿಯಕ್ಕ ಬಾಗಿಲಲ್ಲಿ ಕಾಯುತ್ತಿದ್ದ ಗಂಡನಿಗೆ, "ಇನ್ನೂ ತಡ ಆಗುತ್ತೆ, ನೀವು ಅಂಗಡಿಗೆ ಹೋಗಿ" ಎಂದು ಕೂಗಿ ಹೇಳಿ, ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು.