ನಿತ್ಯದ ಬಟ್ಟೆ

ಹಿನುಮಾ ಕೈತೊ ಪೆಟ್ಟಿಗೆಗೆ ಬೋಲ್ಟು ತುಂಬುವ ಕೆಲಸಕ್ಕೆ ಕರಿ ಸೂಟು ತೊಟ್ಟು ಬರುತ್ತಿದ್ದ. ಕಾಲೇಜಿನ ಕೊನೆಯ ವರ್ಷ ಸಂದರ್ಶನಗಳಿಗೆಂದು ನಮ್ಮ ಹುಡುಗರೆಲ್ಲ ಒಂದೇ ಅಚ್ಚಿನದನ್ನು ಕೊಳ್ಳುತ್ತಾರಲ್ಲ, ಅದೇ ಸೂಟು. ಮೊಣಕೈ ಸವೆದು ಮಿರುಗುತ್ತಿತ್ತು. ತೊಡೆಯ ಬಟ್ಟೆಯೂ ಉಜ್ಜಿ ಹರಿಯಬಾರದೆಂದು ಕಾಲು ಅಗಲಿಸಿ, ಬಾತುಕೋಳಿಯ ಗಾಂಭೀರ್ಯದಿಂದ ಕವಾಗುಚಿ ನಗರದ ನಮ್ಮ ಗೋದಾಮಿಗೆ ನಡೆದು ಬಂದು, ಅದನ್ನು ದೇವರ ವಸ್ತ್ರದ ಹಾಗೆ ಮಡಿಸಿಟ್ಟು, ಕಂಪನಿಯ ಮೇಲಂಗಿ ಧರಿಸಿ ಕೆಲಸಕ್ಕಿಳಿಯುತ್ತಿದ್ದ.

"ಯಾರ್ರೀ ಹೋದ್ರು, ಹಿನುಮಾ-ಸಾನ್? ಕರಿ ಬಟ್ಟೆ ನೋಡಿದ್ರೆ ಸಾವಿನ ಮನೆಗೆ ಹೊರಟ ಹಾಗಿದೆ!" ಎಂದು ಜೊತೆಯವರು ಕೆಣಕುತ್ತಿದ್ದರು.

"ಯಾರೂ ಹೋಗಿಲ್ಲ ಕಣ್ರೀ. ಯಾವತ್ತು ಯಾರು ಸಂದರ್ಶನಕ್ಕೆ ಕರೀತಾರೋ, ಹೇಳೋಕಾಗುತ್ತಾ?"

ಅವನೂ ನಾನೂ ಮಹಾಮಾರಿಯ ವಸಂತದಲ್ಲಿ ಪದವಿ ಪಡೆದ ನತದೃಷ್ಟರು. ಕೆಲಸ ಕೊಡುತ್ತೇವೆಂದಿದ್ದ ಕಂಪನಿಗಳು ನಯವಾಗಿ ಮಾತು ಹಿಂತೆಗೆದುಕೊಂಡವು. ಕಾಯಂ ನೌಕರಿಯ ಬಾಗಿಲು ಹೊಸ ಪದವೀಧರನಿಗೆ ಆ ಒಂದು ವಸಂತದಲ್ಲಷ್ಟೇ ಅಗಲವಾಗಿ ತೆರೆಯುವ ನಾಡಿನಲ್ಲಿ, ಅದು ತಪ್ಪಿದವನಿಗೆ ಉಳಿಯುವುದು ತಿಂಗಳೆಣಿಸುವ ಗುತ್ತಿಗೆಯ ಬದುಕು. ನನ್ನ ಸೂಟನ್ನು ನಾನು ಸಿಟ್ಟಿನಿಂದ ಕಸಕ್ಕೆಸೆದಿದ್ದೆ. ಅವನು ತೊಟ್ಟು ತಿರುಗಿದ. ಮುಚ್ಚುಮರೆ ಯಾಕೆ, ಆಗಲೇ ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಊರೆಲ್ಲ ನಗುತ್ತಿದ್ದರೂ ಆಸೆಯನ್ನು ಹಾಗೆ ಬಯಲಿಗಿಡುವ ಧೈರ್ಯ ಇವನಿಗೆ ಎಲ್ಲಿಂದ ಬಂತು?

ಕಳೆದ ಶರತ್ಕಾಲದಲ್ಲಿ ಗೋದಾಮಿನಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಾಯಿತು. ನನಗದು ಬೇಕೇ ಬೇಕಿತ್ತು. ನಾನು ಮದುವೆಯಾಗಬೇಕೆಂದಿದ್ದ ಚಿನಾಮಿಯ ಅಪ್ಪ, "ಗುತ್ತಿಗೆಯವನಿಗೆ ಮಗಳನ್ನ ಕೊಡಲ್ಲಪ್ಪ" ಎಂದು, ನಾನು ಚಹಾದ ಬಟ್ಟಲು ಮುಟ್ಟುವ ಮೊದಲೇ ಹೇಳಿ ಮುಗಿಸಿದ್ದರು.

ಸಂದರ್ಶನದ ಕರೆಯಲ್ಲಿ 'ನಿತ್ಯದ ಬಟ್ಟೆಯಲ್ಲೇ ಬನ್ನಿ' ಎಂದಿತ್ತು. ಇಂಥ ಮಾತನ್ನು ನಮ್ಮಲ್ಲಿ ನಂಬುವ ಹುಚ್ಚರಿಲ್ಲ. ಅದು ಬಲೆಯೆಂದೇ ಎಲ್ಲರ ಎಣಿಕೆ. ಭಾವನ ಸೂಟು ಎರವಲು ತಂದು ಹೋದೆ. ನೋಡಿದರೆ ಸಾಲಾಗಿ ಕೂತವರೆಲ್ಲ ಸೂಟಿನವರೇ!

"ನಿತ್ಯದ ಬಟ್ಟೆ ಅಂತ ಬರೆದಿದ್ವಲ್ಲ?" ಎಂದರು ಅಧಿಕಾರಿ.

"ಕಂಪನಿ ಮೇಲಿನ ಗೌರವಕ್ಕೆ, ಸಾರ್," ಎಂದು ನಾನು ಉಸುರಿದೆ. ಉಳಿದವರೂ ಅದನ್ನೇ ಹೇಳಿದರು.

ಹಿನುಮಾ ಮಾತ್ರ ಮೊಣಕೈ ತಿರುಗಿಸಿ ತೋರಿಸಿ, "ಇದೇ ನನ್ನ ನಿತ್ಯದ ಬಟ್ಟೆ, ಸಾರ್. ಬೇಕಾದ್ರೆ ಗೋದಾಮಿನಲ್ಲಿ ಕೇಳಿ," ಎಂದ. ಅಧಿಕಾರಿ ನಕ್ಕರು. ಆ ನಗು ಕಿವಿಗೆ ಬಿದ್ದಾಗಲೇ ಹುದ್ದೆ ಯಾರದೆಂದು ನನಗೆ ತಿಳಿದುಹೋಯಿತು.

ಮರುವಾರ ಅವನು ಸಿಹಿ ಹೂರಣ ತುಂಬಿದ ಮಂಜೂ ಎಂಬ ಕಡುಬು ಹಂಚಿ, "ಎಲ್ಲಾ ನಿಮ್ಮ ದಯೆ," ಎಂದು ಸೊಂಟ ಬಗ್ಗಿಸಿದ. ಯಾರ ದಯೆಯೋ, ಮಣ್ಣು! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಅಂಗೈ ಉರಿಯಿತು, ಎದೆ ಅದಕ್ಕಿಂತ ಹೆಚ್ಚು ಉರಿಯಿತು.

"ಯಾರಿಗೆ ಸಿಕ್ತು?" ಎಂದು ಚಿನಾಮಿ ಕೇಳಿದಳು. ನಡೆದದ್ದೆಲ್ಲ ಹೇಳಿದೆ.

ಅವಳು ಮನಸಾರೆ ನಕ್ಕು, "ಅಯ್ಯೋ, ಎಷ್ಟು ಒಳ್ಳೆಯವರು! ನಮ್ಮಪ್ಪನಿಗೆ ಅಂಥವರೇ ಇಷ್ಟ," ಎಂದಳು.

ಹಿನುಮಾನಂಥವರು ಯಾರದನ್ನೂ ಕಸಿದುಕೊಳ್ಳುವುದಿಲ್ಲ, ಬಲ್ಲೆ. ತಪ್ಪು ಇಷ್ಟು ಜನಕ್ಕೆ ಒಂದೇ ಕುರ್ಚಿ ಹಾಕಿದವನದು. ಆದರೆ ಕುರ್ಚಿ ಹಾಕಿದವನ ಮುಖವನ್ನು ನಮ್ಮ ಪೀಳಿಗೆ ಕಂಡೇ ಇಲ್ಲ. ಅದರಲ್ಲಿ ಕೂತ ಸಜ್ಜನನ ಮುಖವೊಂದೇ ದಿನಾ ಎದುರಾಗುತ್ತದೆ, ದ್ವೇಷಿಸಲು ನಮಗೆ ಸಿಗುವುದೂ ಅದೊಂದೇ.