ತಾಪೆಯ ಮುಂದೆ ಮಾತು

"ಬಾಯಿ ಬಿಟ್ಟೆಯೋ, ಹಾಗೇ ಆಚೆಗೆ ನಡಿ," ಎಂದು ಹೊಸ್ತಿಲಲ್ಲೇ ಮಗಳನ್ನು ಎಚ್ಚರಿಸಿ ತುಕಿಯೆಮ್ ಅಡುಗೆಮನೆಗೆ ನುಗ್ಗಿದಳು. ಅಂಟಕ್ಕಿಗೆ ಹುದುಗು ಹಾಕುವಾಗ ಯಾರಾದರೂ ಮಾತಾಡಿದರೆ ತಾಪೆ ಎಂಬ ಆ ಸಿಹಿತಿನಿಸು ಕೆಡುತ್ತದೆ ಎನ್ನುವುದು ಮುಂತಿಲಾನ್ ಊರಿನ ಹೆಂಗಸರ ನಂಬಿಕೆ. ಮೂರು ಸಲದಿಂದ ಅವಳ ತಾಪೆ ಹುಳಿಯಾಗಿ ಸಂತೆಯಿಂದ ವಾಪಸು ಬರುತ್ತಿತ್ತು. ತಪ್ಪೆಲ್ಲ ವಾಚಾಳಿ ಮಗಳು ನಿಂಗ್ಸಿಹ್‌ಳ ನಾಲಗೆಯದೆಂದು ತೀರ್ಮಾನವಾಗಿತ್ತು. ಉಪವಾಸದ ತಿಂಗಳು ಮುಗಿದು ಹಬ್ಬ ಬರಲು ಹತ್ತೇ ದಿನ. ಈ ಸಲವೂ ಕೆಟ್ಟರೆ ಅಜ್ಜಿಯ ಕಾಲದ ಹಬೆಪಾತ್ರೆ ಕವುಚಿಟ್ಟು ಸಿಗರೇಟು ಕಾರ್ಖಾನೆಗೆ ಹೋಗುವುದೆಂದು ತಾಯಿ ನಿಶ್ಚಯಿಸಿದ್ದಳು.

ನಿಂಗ್ಸಿಹ್‌ಳ ಜೇಬಿನಲ್ಲಿ ಶಾಲೆಯ ಥರ್ಮಾಮೀಟರಿತ್ತು. ವಿಜ್ಞಾನದ ಮುರ್ಯಾತಿ ಮೇಡಂ ಪಾಠವನ್ನು ಪುಸ್ತಕದಲ್ಲೇ ಮುಗಿಸುವವರಲ್ಲ. "ಮನೇಲಿ ಏನ್ ಕೆಡ್ತಿದೆ, ಯಾಕೆ ಕೆಡ್ತಿದೆ ಅಂತ ಅಳೆದು ನೋಡಿ. ಕಂಡಿದ್ದನ್ನ ಯಾರಿಗಾದ್ರೂ ಒಪ್ಪಿಸಿ ಮಾರಿ ಬನ್ನಿ. ಅಂಕ ಅದಕ್ಕೆ," ಎಂದಿದ್ದರು.

"ನಮ್ಮಮ್ಮ ನನ್ನ ಮಾತೇ ಕೇಳಲ್ಲ ಮೇಡಂ."

"ಹಾಗಾದ್ರೆ ಮಾತಲ್ಲಿ ಮಾರಬೇಡ. ನಿನ್ನ ಮೊದಲ ಗಿರಾಕಿ ಅವರೇ."

ಇಂಥ ಮೇಡಂ ಒಬ್ಬರು ನಮ್ಮ ಕಾಲದಲ್ಲಿದ್ದಿದ್ದರೆ ನಾವೂ ಏನೋ ಒಂದಾಗುತ್ತಿದ್ದೆವು.

ತುಕಿಯೆಮ್ ಬೆಂದ ಅಂಟಕ್ಕಿಯನ್ನು ಮೊರದಲ್ಲಿ ಹರಡಿ, ಎಂದಿನಂತೆ ಜಪಮಣಿ ಒಂದು ಸುತ್ತು ತಿರುಗಿಸಿದಳು. ಅಷ್ಟರಲ್ಲಿ ಅನ್ನ ಆರಿರುತ್ತದೆ ಎಂಬ ಲೆಕ್ಕ ಅವಳ ಅಜ್ಜಿಯದು. ನಿಂಗ್ಸಿಹ್ ಥರ್ಮಾಮೀಟರು ಚುಚ್ಚಿ ಡಿಗ್ರಿ ನೋಡಿದಳು. ಐವತ್ತೆರಡು. ಪಕ್ಕದವರು ಗೋಡೆ ಎಬ್ಬಿಸಿದ ಮೇಲೆ ಕಿಟಕಿಗೆ ಗಾಳಿಯೇ ಇರಲಿಲ್ಲ, ಅನ್ನ ಬೇಗ ಆರುತ್ತಿರಲಿಲ್ಲ. ಜಪ ಮಾತ್ರ ಮೊದಲಿನಷ್ಟೇ ಉದ್ದವಿತ್ತು. ಹುಡುಗಿ ಕಷ್ಟಪಟ್ಟು ತುಟಿ ಬಿಗಿಹಿಡಿದಳು. ತಾಯಿ ಹುದುಗು ಉದುರಿಸುವ ಮೊದಲೇ ಒಂದು ಬಟ್ಟಲು ಅನ್ನ ಎತ್ತಿಟ್ಟುಕೊಂಡು, ಮೂವತ್ತಕ್ಕೆ ಇಳಿಯುವವರೆಗೆ ಬೀಸಣಿಗೆ ಬೀಸಿ, ಅದೇ ಹುದುಗು ಕಲಸಿ ಬಾಳೆಲೆಯಲ್ಲಿ ಕಟ್ಟಿದಳು. ಎಲೆಯ ಮೇಲೆ ಕಡ್ಡಿಯಿಂದ ಮೂವತ್ತು ಎಂದು ಗೀರಿದಳು. ತಾಯಿಯ ಪೊಟ್ಟಣವೊಂದರ ಮೇಲೆ ಐವತ್ತೆರಡು.

ಮೂರನೆಯ ಸಂಜೆ ಉಪವಾಸ ಮುರಿದ ಮೇಲೆ ತುಕಿಯೆಮ್ ಎರಡನ್ನೂ ಬಿಚ್ಚಿದಳು. ಐವತ್ತೆರಡರ ಅನ್ನ ಗಟ್ಟಿಯಾಗಿ ಹುಳಿ ನಾರುತ್ತಿತ್ತು. ಮೂವತ್ತರದು ಮೆತ್ತಗಾಗಿ ಸಿಹಿರಸ ಮುಂಗೈವರೆಗೆ ಇಳಿಯಿತು. ಅವಳು ಮುಂಗೈ ನೆಕ್ಕಿದಳು.

"ಹುದುಗಿಗೂ ಜೀವ ಇರುತ್ತಮ್ಮ. ಬಿಸೀಗೆ ಸಾಯ್ತಿತ್ತು."

"ಸುಮ್ಮನೆ ಮೂರು ಸಲ ನಿನ್ನ ಬೈದೆನಲ್ಲೇ."

"ನಾಲ್ಕು ಸಲ," ಎಂದಳು ಮಗಳು.

ಮರುದಿನ ಹಬ್ಬದ ಸಂತೆಗೆಂದು ಅಂಟಕ್ಕಿ ಬೆಂದಿತು. ನಿಂಗ್ಸಿಹ್ ಹೊಸ್ತಿಲಾಚೆಯೇ ನಿಂತಿದ್ದಳು. ಜಪ ಮುಗಿಯಿತು. ಹುದುಗಿನ ಬಟ್ಟಲಿಗೆ ಹೋದ ತುಕಿಯೆಮ್‌ಳ ಕೈ ಅಲ್ಲೇ ನಿಂತಿತು. ಮೊರದಿಂದ ಇನ್ನೂ ಹಬೆ ಏಳುತ್ತಿತ್ತು.

"ಬಾ ಒಳಗೆ," ಎಂದಳು, ತಾಪೆಯ ಮುಂದೆಯೇ, ಗಟ್ಟಿಯಾಗಿ. "ಎಷ್ಟಿದೆ ನೋಡು."