ದೃಷ್ಟಿಬೊಂಬೆಯ ಹೆಂಡತಿ

“ಲೇ, ಕುಂಬಳಕಾಯಿ ಯಾಕ್ಲಾ ದಂಡಕ್ಕೆ? ಈ ಕರಿ ಬೋಳಿಮಗನ್ನ ಗೇಟ್ ಮುಂದೆ ನಿಲ್ಸಿದ್ರೆ ಸಾಕು. ಇರೋ ಬರೋ ದೃಷ್ಟಿಯೆಲ್ಲ ಬಂಗಾರಪೇಟೆ ದಾಟಿ ಓಡೋಗ್ತದೆ!”

ಹಾಗಂದು ರೂಪೇಶ್ ನಕ್ಕ. ಕಾರ್ಖಾನೆಯ ಗೇಟಿಗೂ ಕ್ಯಾಂಟೀನಿಗೂ ಆಳು ಒದಗಿಸುವ ಕಂಟ್ರಾಕ್ಟರ್ ಅವನು. ಅವನು ನಕ್ಕರೆ ಸುತ್ತ ನಿಂತವರೂ ನಗಬೇಕು. ನಕ್ಕರು. ಗೇಟಿನ ಕಂಬಕ್ಕೆ ಬಾಳೆಕಂದು ಕಟ್ಟುತ್ತಿದ್ದ ವಾಚ್‌ಮನ್ ಗಣಪ ಮಾತ್ರ ತಲೆಯೆತ್ತದೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ಅವನ ಹೆಂಡತಿ ಕಲಾ ಕ್ಯಾಂಟೀನಿನ ಹಿಂದೆ ಕೂತು ಹಂಡೆ ತಿಕ್ಕುತ್ತಿದ್ದಳು. ಮಾತು ಅವಳ ಕಿವಿಗೂ ಬಿತ್ತು. ಅಂದು ಆಯುಧಪೂಜೆ. ಒಳಗೆ ಫಿಟ್ಟರುಗಳು ತಂತಮ್ಮ ಮೆಷಿನ್ನಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತಿದ್ದರು. ಅವಳ ಆಯುಧವೆಂದರೆ ಈ ಹಂಡೆ, ಆ ಸೌಟು, ಮುದ್ದೆ ತಿರುವುವ ಕೋಲು. ಇನ್ನೂರು ಹೊಟ್ಟೆಗೆ ಅನ್ನ ಬೇಯಿಸಿ ಕೊಟ್ಟದ್ದಕ್ಕೆ ವರ್ಷಕ್ಕೊಂದು ಸಲವಾದರೂ ಕೈ ಮುಗಿಯಬೇಡವೇ ಎಂದು ಬೆಳಗಿನಿಂದ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ತಳದ ಮಸಿಯೆಲ್ಲ ಹೋಗಿ ಹಂಡೆ ದೇವರ ಮುಂದಿಡುವ ಹಾಗೆ ಹೊಳೆಯುತ್ತಿತ್ತು.

ಗಣಪ ಸಿದ್ದಿ ಯಲ್ಲಾಪುರದ ಕಡೆಯವನು. ಅವನ ಹಿರೀಕರನ್ನು ಯಾವ ಕಾಲದಲ್ಲೋ ಯಾರೋ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರಂತೆ. ಎಷ್ಟು ತಲೆಮಾರಿನ ಹಿಂದಿನ ಮಾತೋ ಅವನಿಗೂ ತಿಳಿಯದು. ಅವನಿಗೆ ಬರುವುದು ಕನ್ನಡ, ಮನೆಯೊಳಗೆ ಒಂದಿಷ್ಟು ಕೊಂಕಣಿ. ಕೆಲಸ ಹುಡುಕಿಕೊಂಡು ಬಂದ ದಿನವೇ ಮಾರಿಕುಪ್ಪಂ ರೈಲಿನಲ್ಲಿ ಒಬ್ಬ, “ಯಾವ ದೇಶನಪ್ಪಾ? ಪಾಸ್‌ಪೋರ್ಟ್ ಐತಾ?” ಎಂದು ಕೇಳಿದ್ದನಂತೆ. “ಆಧಾರ್ ಕಾರ್ಡ್ ಉಂಟು, ಅಕ್ಕಿ ಕಾರ್ಡೂ ಉಂಟು, ಎಂತದು ಬೇಕು?” ಅಂದನಂತೆ ಇವನು.

ಕಲಾ ಚಾಂಪಿಯನ್ ರೀಫ್ಸಿನ ಗಣಿಕೂಲಿಗಳ ಲೈನುಮನೆಯಲ್ಲಿ ಹುಟ್ಟಿದವಳು. ತಾತ ಚಿನ್ನದ ಗಣಿಯೊಳಗೆ ಇಳಿದು ಇಳಿದು, ಕಡೆಗೆ ದೂಳು ತುಂಬಿದ ಎದೆಯನ್ನು ಮನೆಗೆ ಹೊತ್ತು ತಂದವನು. ಅವಳ ಮೊದಲ ಗಂಡ ನರೇಶ್ ಬೆಳ್ಳಗಿದ್ದ. ಕಲಾಳ ತಾಯಿ ಆದಿಲಕ್ಷ್ಮಮ್ಮ ಲೈನಿನ ಉದ್ದಕ್ಕೂ, “ಆಪಿಳ್ ಮಾದ್ರಿ ಅವ್ನೆ ನನ್ನಳಿಯ” ಎಂದು ಹೇಳಿಕೊಂಡು ತಿರುಗಿದ್ದಳು. ಆ ಆಪಲ್ ನಾಲ್ಕು ವರ್ಷ ಸಂಸಾರ ಮಾಡಿ, ಕಲಾಳ ಎರಡು ಹಲ್ಲು ಉದುರಿಸಿ, ಇನ್ನೊಬ್ಬಳ ಹಿಂದೆ ಹೋಯಿತು. ಆಮೇಲೆ ಆರು ತಿಂಗಳ ಹಿಂದೆ ಕಲಾ ಬಂಗಾರಪೇಟೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಗಣಪನ ಪಕ್ಕ ನಿಂತು ಸಹಿ ಹಾಕಿದಾಗ ತಾಯಿ ಎರಡು ದಿನ ಉಣ್ಣಲಿಲ್ಲ. “ನಾವೇ ಕರಿ. ನಮ್ಗಿಂತ ಕರಿನ ತಕಂಡ್ ಬಂದಿದ್ದೀಯಲ್ಲೇ ಪಾವಿ!” ಎಂದು ಎದೆ ಬಡಿದುಕೊಂಡಳು. ಈಗ ಅವಳ ಶುಗರ್ ಮಾತ್ರೆ ತರುವವನು ಆ ಕರಿಯನೇ.

ಜನಕ್ಕೆ ಬೇಕಾದ ಮಾತೇ ಬೇರೆ. ಕ್ಯಾಂಟೀನಿನಲ್ಲಿ ಜೊತೆಗೆ ಕೆಲಸ ಮಾಡುವ ಅಂಜನಮ್ಮ ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ಮೊಣಕೈಯಲ್ಲಿ ತಿವಿಯುತ್ತಿದ್ದಳು.

“ಅಲ್ಲಾ ಕಲಾ, ಆ ಜನ ಎತ್ತು ಇದ್ದಂಗಂತೆ. ಇನ್ನೂ ಬದುಕವಳಲ್ಲಪ್ಪಾ ನಮ್ ಹುಡ್ಗಿ!”

“ಹುಲ್ಲಾಕಿ ಕಟ್ಟಾಕ್ತೀನಿ ಅಂಜನಕ್ಕಾ,” ಎಂದು ಕಲಾ ಕೊಡ ಎತ್ತಿಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳು ಯಾರಿಗೂ ಹೇಳಿದವಳಲ್ಲ, ಹೆತ್ತ ತಾಯಿಗೂ.

ರೂಪೇಶನದು ಇನ್ನೊಂದು ದಾರಿ. ಒಂದು ತಿಂಗಳ ಹಿಂದೆ ಅಕ್ಕಿಮೂಟೆಯ ಕೋಣೆಯಲ್ಲಿ ಅವಳ ರಟ್ಟೆ ಹಿಡಿದಿದ್ದ. “ಕಾಲೋನಿ ಹೆಂಗಸ್ರು ಅಂದ್ರೆ ಬೆಂಕಿ ಅಂತಾರೆ, ನಮ್ಗೂ ಒಸಿ ಕಾಯಿಸ್ಕಳಕ್ ಬುಡು.” ಕಲಾ ಕೈಯಲ್ಲಿದ್ದ ಸೌಟನ್ನು ನಡುವೆ ಹಿಡಿದು, “ಬುಡಣ್ಣ” ಅಂದಳು.

“ಅಣ್ಣ ಅಂತೀಯಾ ಲೌಡಿ? ಆ ಕರಿ ಎತ್ತಿಗಾದ್ರೆ ಬಾಗ್ಲು ತೆಗೀತೀಯ!” ಎಂದು ಉಗಿದು ಹೋಗಿದ್ದ. ಆ ಉಗುಳು ಅಂದಿನಿಂದ ಅವನ ಬಾಯಲ್ಲೇ ಇತ್ತು.

ಈಗ ಅವನು ಗಣಪನನ್ನು ಹಿಂದೆ ಕರೆದುಕೊಂಡು ಕ್ಯಾಂಟೀನಿನ ಹಿತ್ತಲಿಗೇ ಬಂದ.

“ನೋಡಮ್ಮಾ, ಊಟದ ಟೈಮಿಗೆ ಸಾಹೇಬ್ರು, ಸ್ಟಾಫಿನೋರು ಎಲ್ಲಾ ಸಂಸಾರ ಸಮೇತ ಕುಂತಿರ್ತಾರೆ. ನಿನ್ ಗಂಡ ಕುಣೀಬೇಕು. ಸೊಂಟಕ್ಕೆ ಸೊಪ್ಪು, ಮೈಗೆ ಮಸಿ. ಆಫ್ರಿಕಾ ಡ್ಯಾನ್ಸು.”

“ಆಫ್ರಿಕಾ ನಾನೂ ಟೀವೀಲೇ ನೋಡಿದ್ದು ಸಾರ್,” ಅಂದ ಗಣಪ.

“ನಿಮ್ಮೋರು ಏನೋ ಬಡ್ಕಂಡು ಕುಣೀತಾರಲ್ಲ, ಅದೇ ಕುಣಿ.”

“ಅದು ಹಿರಿಯರ ಪೂಜೆಗೆ ಸಾರ್. ಉಣ್ಣೋರ ಎದುರಿಗೆ ಅಲ್ಲ.”

“ಓಹೋ, ನಿಮ್ಗೂ ಪೂಜೆ ಬ್ಯಾರೆ!” ರೂಪೇಶ್ ಗಡಿಯಾರ ನೋಡಿಕೊಂಡ. “ಕುಣಿಯಲ್ಲಾಂದ್ರೆ ನಾಳಿಂದ ನಿಂಗೆ ಗೇಟೂ ಇಲ್ಲ, ಇವ್ಳಿಗೆ ಒಲೇನೂ ಇಲ್ಲ. ಕ್ಯಾಸಂಬಳ್ಳಿಗೆ ಒಂದ್ ಫೋನ್ ಮಾಡಿದ್ರೆ ಬಸ್ಸಿಂದ ಹತ್ತು ಜನ ಇಳೀತಾರೆ.”

ಅವನು ಹೋದ. ಇಬ್ಬರ ಕೆಲಸವೂ ಒಂದೇ ದಿನ ಹೋದರೆ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ, ಮುದುಕಿಗೆ ಮಾತ್ರೆ ತರುವುದು ಹೇಗೆ ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹತ್ತು ನಿಮಿಷ ಮಾರಾಯ್ತಿ,” ಅಂದ ಗಣಪ. “ಕುಣಿದ್ರೆ ಮೈ ಎಂತ ಸವೀತದೆ?”

“ನಿಂಗಿಷ್ಟನಾ?”

“ಇಷ್ಟ ಅಲ್ಲ. ಹೊಟ್ಟೆ.”

ಅವನು ಯೂನಿಫಾರ್ಮಿನ ಗುಂಡಿ ಬಿಚ್ಚಿ, ಅಂಗಿಯನ್ನು ನಾಲ್ಕು ಮಡಿಕೆ ಮಾಡಿ, ಪೂಜೆಗಿಟ್ಟ ಸೌಟಿನ ಪಕ್ಕ ಇಟ್ಟ.

ಹೊರಗಿನಿಂದ ರೂಪೇಶನ ಕೂಗು ಬಂತು: “ಹಂಡೆ ಮಸಿ ಬಳೀರಿ!”

“ತಿಕ್ಕಿಬುಟ್ಟಿವ್ನಿ,” ಅಂದಳು ಕಲಾ.

“ಇದ್ದಿಲು ಅರೀ ಮುಂಡೆ!”

ಅವಳು ಗುಂಡುಕಲ್ಲಿನಲ್ಲಿ ಇದ್ದಿಲು ಅರೆದಳು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದಳು. ಅಂಜನಮ್ಮ ಬಾಗಿಲಲ್ಲಿ ನಿಂತು, “ಈ ಮೈಗೆ ಇದ್ದಿಲು ಯಾಕ್ ಬೇಕಂತೆ ಆ ನನ್ ಸವತಿ ಮಗನ್ಗೆ?” ಎಂದು ಗೊಣಗಿದಳು. ಕಲಾ ಎರಡು ಬೆರಳಿನಲ್ಲಿ ಮಸಿ ತೆಗೆದು ಗಂಡನ ಎದೆಗೆ ಹಚ್ಚಿದಳು. ಅವನ ಮೈ ಜುಮ್ಮೆಂದದ್ದು ಅವಳ ಬೆರಳಿಗೆ ತಿಳಿಯಿತು. ಅರ್ಧ ಎದೆ ಹಚ್ಚುವಷ್ಟರಲ್ಲಿ ಅವಳ ಕೈ ನಿಂತಿತು. “ಸಾಕು” ಅಂದಳು.

ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಲಾರಿಗೆ ಸಾಮಾನು ಏರಿಸುವ ಸಿಮೆಂಟ್ ಕಟ್ಟೆಯೇ ಸ್ಟೇಜು. ಅದರ ಎದುರು ಎಲೆ ಹಾಕಿ ಸಾಲುಸಾಲಾಗಿ ಕೂತಿದ್ದರು: ಹಾಸನದವರು, ಧಾರವಾಡದವರು, ಬೀದರಿನವರು, ಹೊಸ ಸೀರೆ, ಮಲ್ಲಿಗೆ, ಮಕ್ಕಳು. ಮೊದಲ ಸಾಲಿನಲ್ಲಿ ಮ್ಯಾನೇಜರ ಮನೆಯವರು, ಅವರ ಪಕ್ಕ ರೇಷ್ಮೆಯುಟ್ಟ ರೂಪೇಶನ ಹೆಂಡತಿ ಸೌಂದರ್ಯಾ. ಕಲಾ ಪಾಯಸದ ಬಕೆಟ್ ಹಿಡಿದು ಬಡಿಸುತ್ತಿದ್ದಳು.

ಗಣಪ ಕಟ್ಟೆ ಹತ್ತಿದ. ಸೊಂಟದಲ್ಲಿ ತೋರಣಕ್ಕೆ ಕಟ್ಟಿ ಮಿಕ್ಕಿದ್ದ ಮಾವಿನ ಸೊಪ್ಪು. ಮಕ್ಕಳು ಕೇಕೆ ಹಾಕಿದವು. ಸ್ಪೀಕರಿನಲ್ಲಿ ಯಾವುದೋ ಡೋಲು ಹೊಡೆದುಕೊಂಡಿತು. ಅವನು ಬಲಗಾಲು ಎತ್ತಿ ಇಟ್ಟ, ಎಡಗಾಲು ಎತ್ತಿ ಇಟ್ಟ. ಆಮೇಲೆ ನಿಂತುಬಿಟ್ಟ. ಡೋಲು ಒಂದೇ ಸಮನೆ ಬಡಿಯುತ್ತಿತ್ತು. ಅವನು ಗೇಟಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದ.

ರೂಪೇಶ್ ಮೈಕು ಹಿಡಿದು ಹತ್ತಿದ. “ಏನ್ ಸಾರ್ ಇದು, ನಮ್ಮೆತ್ತು ಬಿಸ್ಲಿಗೆ ಸೋತೋಗದೆ! ಮನೇಲಿ ಉಳುಮೆ ಜಾಸ್ತಿ ಆಗಿರ್ಬೇಕು.” ಗಂಡಸರ ಸಾಲು ಹೋ ಎಂದಿತು. “ಎಲ್ಲಮ್ಮಾ ಕಲಾ? ಬಾ ಇಲ್ಲಿ. ನಮ್ ಹೆಂಗಸ್ರಿಗೆಲ್ಲ ಒಂದ್ ಅನುಮಾನ ಐತೆ. ಈ ಎತ್ತಲ್ಲಿ ಅಂಥಾದ್ದೇನ್ ಕಂಡೆ ಅಂತ ನೀನೇ ಏಳ್ಬುಡು.”

ಸೌಂದರ್ಯಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

ಕಲಾ ಬಕೆಟ್ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಅವಳು ನಾಚಿ ಓಡುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅವಳು ಕಟ್ಟೆ ಹತ್ತಿ ಮೈಕಿಗೆ ಕೈ ನೀಡಿದಳು. ರೂಪೇಶ್ ಕಣ್ಣು ಹೊಡೆಯುತ್ತ ಕೊಟ್ಟ. ಅವಳು ಮೊದಲು ಗಂಡನ ಕಡೆ ತಿರುಗಿದಳು.

“ಏಳ್ಲಾ?”

ಗಣಪ ಅವಳ ಮುಖವನ್ನೇ ನೋಡಿದ. “ಹೇಳು” ಅಂದ.

“ನಂಗೂ ಬಯ ಇತ್ತು,” ಎಂದು ಶುರುಮಾಡಿದಳು. “ಎತ್ತು ಎತ್ತು ಅಂತ ಎಲ್ಲಾ ಎದ್ರಿಸಿದ್ರು. ಮದ್ವೆ ಆದ್ ದಿನ ಇವ್ರಿಗೆ ನೈಟ್ ಶಿಫ್ಟು. ಅದಕ್ಕೆ ಮಟಮಟ ಮದ್ಯಾನ. ಕಿರ್ಚಿದ್ರೆ ಲೈನಿನೋರ್ಗೆಲ್ಲ ಕೇಳ್ತದಂತ ಬಾಯ್ಗೆ ಟವಲ್ ಕಚ್ಕಂಡು ಮಲೀಕಂಡೆ.”

ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರೂ ನಕ್ಕರು.

“ಇವ್ರು ಬಂದು ನೋಡಿದ್ರು. ‘ಎಂತ ಆಯ್ತೆ, ಹಲ್ಲುನೋವಾ?’ ಅಂದ್ರು. ಲವಂಗ ಹುಡುಕಕ್ ಓದ್ರು.”

ಹೆಂಗಸರ ಸಾಲಿನಲ್ಲಿ ಯಾರಿಗೋ ನಗುತ್ತ ನಗುತ್ತ ನೆತ್ತಿಗೇರಿತು.

“ಟವಲ್ ತೆಗ್ದೆ. ಬಯ ಆಯ್ತದೆ, ಇವತ್ತು ಬ್ಯಾಡ ಅಂದೆ. ‘ಬ್ಯಾಡ ಅಂದ್ರೆ ಬ್ಯಾಡ’ ಅಂತ ಆ ಕಡೆ ತಿರುಗಿ ಮಲಗಿದ್ರು. ಗೊರಕೆನೂ ಬಂತು. ನಂಗೇ ನಿದ್ದೆ ಬರ್ನಿಲ್ಲ, ಎದ್ದು ಕುಂತ್ಕಂಡು ನೋಡ್ತಾ ಇದ್ದೆ. ಮೊದಲ್ನೇ ಗಂಡ ಬೆಳ್ಳಗಿದ್ದ. ಬ್ಯಾಡ ಅಂದಿದ್ದಕ್ಕೆ ಇಲ್ಲಿದ್ದ ಎರಡು ಹಲ್ಲು ಓದ್ವು.” ಅವಳು ತುಟಿ ಎತ್ತಿ ತೋರಿಸಿದಳು. “ಇವ್ರು ಹದಿನೈದ್ ದಿನ ಕೇಳಿದ್ರು. ಹದಿನೈದ್ ದಿನ ನಾನು ಬ್ಯಾಡ ಅಂದೆ. ಹದಿನಾರ್ನೇ ದಿನ ನಾನೇ ಕೇಳ್ದೆ. ಅದೇ ನಾನ್ ಕಂಡಿದ್ದು.”

ಡೋಲಿನ ಹಾಡು ಆಗಲೇ ಮುಗಿದಿತ್ತು. ನಗುವವರು ಯಾರೂ ಉಳಿದಿರಲಿಲ್ಲ.

“ಈಗ ನಾನು ಕೇಳ್ತೀನಿ,” ಅಂದಳು ಕಲಾ. “ಬ್ಯಾಡ ಅಂದ್ರೆ ಸುಮ್ಕೆ ತಿರುಗಿ ಮಲಗೋ ಗಂಡ ಯಾರ್ಯಾರ ಮನೇಲವ್ನೆ, ಕೈ ಎತ್ರಮ್ಮಾ.”

ಸಾರಿನ ಬಕೆಟ್ ಹಿಡಿದು ಸಾಲಿನ ನಡುವೆ ನಿಂತಿದ್ದ ಅಂಜನಮ್ಮ ಸೌಟು ಎತ್ತಿದಳು. “ನಮ್ಮೋನು ಸತ್ತು ಆರ್ ವರ್ಷ ಆಯ್ತು. ಈಗ್ ಬುಟ್ಟವ್ನೆ. ನಂದೂ ಸೇರಿಸ್ಕೋ.”

“ಮೈಕ್ ಆಫ್ ಮಾಡ್ಲಾ ಸೂಳೆಮಗನೇ!” ಎಂದು ರೂಪೇಶ್ ಸ್ಪೀಕರಿನ ಹುಡುಗನಿಗೆ ಕಿರುಚಿ, ಕಟ್ಟೆಯಿಂದ ಹಾರಿ ತಾನೇ ವೈರು ಕಿತ್ತ. ಮೈಕು ಸತ್ತಿತು. ಕಲಾ ಅದನ್ನು ಕೆಳಗಿಟ್ಟಳು, ಆದರೆ ಇಳಿಯಲಿಲ್ಲ. ಗಣಪ ಸೊಂಟದ ಸೊಪ್ಪು ಬಿಚ್ಚಿ ಅವಳ ಪಕ್ಕಕ್ಕೆ ಬಂದು ನಿಂತ.

“ಕೈ ಎತ್ರಮ್ಮಾ,” ಅಂದಳು ಬರಿಯ ಗಂಟಲಲ್ಲಿ.

ಎಲೆಗಳ ಮೇಲೆ ಪಾಯಸ ಹರಿದು ಅನ್ನಕ್ಕೆ ಸೇರುತ್ತಿತ್ತು. ಮೊದಲ ಸಾಲಿನಲ್ಲಿ ಸೌಂದರ್ಯಾ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿದ್ದಳು. ಒಂದು ಕೈಯೂ ಮೇಲೇಳಲಿಲ್ಲ. ಗಂಡಸರು ಉಣ್ಣುವುದನ್ನು ಬಿಟ್ಟು ತಂತಮ್ಮ ಹೆಂಡತಿಯರ ಕೈಗಳನ್ನೇ ನೋಡುತ್ತಿದ್ದರು.